ಮನಸ್ಸಾಕ್ಷಿಯನ್ನು ರೂಪಿಸುವವರು ಯಾರು?

(ಧರ್ಮಕೇಂದ್ರದ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಒಂದು ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಸಂದರ್ಭದಲ್ಲಿ ಅದನ್ನು ಕಟ್ಟಿದವರನ್ನೂ, ಅದರಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಉಪದೇಶಿಗಳನ್ನೂ ಕೃತಜ್ಞತೆಯಿಂದ ಸ್ಮರಿಸುವುದು ನಮ್ಮ ಕರ್ತವ್ಯ. ಆ ಕರ್ತವ್ಯವನ್ನು ನನಗಿಂತ ಮುಂಚೆ ಮಾತನಾಡಿದ ಮಹನೀಯರು ಸೊಗಸಾಗಿ ನೆರವೇರಿಸಿದ್ದಾರೆ. ನನಗೆ ಒಪ್ಪಿಸಿರುವ ವಿಷಯವಾದರೋ ಕಣ್ಣಿಗೆ ಕಾಣುವಂಥದಲ್ಲ. ಸರಿ ಯಾವುದು, ತಪ್ಪು ಯಾವುದು ಎಂಬ ಅರಿವು ಮನುಷ್ಯನಲ್ಲಿ ಎಲ್ಲಿಂದ ಬರುತ್ತದೆ? ಅದನ್ನು ರೂಪಿಸುವವರು ಯಾರು? ಅದು ಕೆಲವೊಮ್ಮೆ ದಾರಿ ತಪ್ಪುವುದೇಕೆ? ಇವೇ ಈ ಹೊತ್ತಿನ ಪ್ರಶ್ನೆಗಳು.

ಇವು ಪಂಡಿತರಿಗೆ ಮಾತ್ರ ಸೇರಿದ ಪ್ರಶ್ನೆಗಳೆಂದು ಯಾರೂ ತಿಳಿಯಬಾರದು. “ಈಗಿನ ಮಕ್ಕಳಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ” ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದುಂಟು. “ಹಿರಿಯರು ಹೇಳುವುದೊಂದು, ಮಾಡುವುದೊಂದು” ಎಂದು ಕಿರಿಯರು ಮರುನುಡಿಯುವುದೂ ಉಂಟು. ಈ ಎರಡು ಮಾತುಗಳಲ್ಲಿಯೂ ಅಡಗಿರುವ ಸತ್ಯ ಒಂದೇ. ನೀತಿಯನ್ನು ಯಾರೂ ಒಂಟಿಯಾಗಿ ಕಲಿಯುವುದಿಲ್ಲ. ಒಬ್ಬರಿಂದ ಒಬ್ಬರು ಕಲಿಯುತ್ತಾರೆ.

ಈ ವಿಷಯವನ್ನು ಪರಿಶೀಲಿಸಲು ನಮ್ಮ ಪ್ರದೇಶಕ್ಕಿಂತ ತಕ್ಕ ಸ್ಥಳ ಬೇರೆ ಬೇಕಿಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯಗಳ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಇವು ಆ ಜಿಲ್ಲೆಗೆ ಸೇರಿದವು. ಹನೂರು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಇಲ್ಲಿ ಕನ್ನಡವನ್ನಾಡುವ ಮನೆಗಳೂ ತಮಿಳನ್ನಾಡುವ ಮನೆಗಳೂ ಇವೆ. ಮಲೆಮಹದೇಶ್ವರನ ಒಕ್ಕಲು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನೇಕಾರರು, ಒಡೆಯರಪಾಳ್ಯದಲ್ಲಿ ನೆಲೆಸಿರುವ ಟಿಬೆಟಿನ ನಿರಾಶ್ರಿತರು, ಮಾರ್ಟಳ್ಳಿಯ ಕಡೆಯ ಕಥೋಲಿಕರು, ಎಲ್ಲರೂ ಇದೇ ನೆಲದ ಮೇಲೆ ಬಾಳುತ್ತಿದ್ದಾರೆ. ಇಷ್ಟು ಬಗೆಯ ಜನರು ಸರಿ ತಪ್ಪುಗಳನ್ನು ಹೇಗೆ ತೀರ್ಮಾನಿಸುತ್ತಾರೆಂಬುದನ್ನು ನೋಡುವವನಿಗೆ ದೂರದ ದೇಶಗಳ ಉದಾಹರಣೆ ಬೇಕಾಗುವುದು ಅಪರೂಪ.

ಮೊದಲು ಮಗುವಿನಿಂದ ಆರಂಭಿಸೋಣ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ ಎಂಬ ವಿದ್ವಾಂಸರು ಮಕ್ಕಳ ನೈತಿಕ ನಿರ್ಣಯವನ್ನು ಕುರಿತು 1932ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದಕ್ಕಾಗಿ ಅವರು ಬೀದಿಯಲ್ಲಿ ಗೋಲಿಯಾಡುವ ಮಕ್ಕಳ ಜೊತೆ ಕುಳಿತು, ಆಟದ ನಿಯಮಗಳನ್ನು ಮಾಡಿದವರಾರೆಂದು ಅವರನ್ನೇ ವಿಚಾರಿಸಿದರು. ಚಿಕ್ಕ ಮಕ್ಕಳು, ನಿಯಮಗಳು ಹಿರಿಯರಿಂದ ಬಂದವು, ಅವನ್ನು ಬದಲಾಯಿಸುವುದು ತಪ್ಪು ಎಂದರು. ಹತ್ತು ಹನ್ನೆರಡು ವರ್ಷದ ಮಕ್ಕಳು, ಆಡುವವರೆಲ್ಲರೂ ಒಪ್ಪಿದರೆ ನಿಯಮವನ್ನು ಬದಲಾಯಿಸಬಹುದು, ಆದರೆ ಒಪ್ಪಿದ ಮೇಲೆ ಮೋಸ ಮಾಡಬಾರದು ಎಂದರು. ಮೊದಲು ಭಯಭಕ್ತಿ, ಅನಂತರ ಪರಸ್ಪರ ಗೌರವ. ಮಗುವಿನಲ್ಲಿ ನೀತಿ ಬೆಳೆಯುವ ಕ್ರಮ ಇದೆಂದು ಪಿಯಾಜೆ ನಿರೂಪಿಸಿದರು. ನಮ್ಮ ಊರುಗಳ ಬೀದಿಗಳಲ್ಲಿ ಗೋಲಿಯಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅವರಿಗಿಂತ ಹಿಂದಿನವರಾದ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ (1858–1917) ಇನ್ನೂ ಮುಂದೆ ಹೋದರು. ತಪ್ಪು ಮಾಡುವಾಗ ನಮ್ಮನ್ನು ಒಳಗಿನಿಂದ ತಡೆಯುವ ಅಧಿಕಾರವಾಣಿಯು ವಾಸ್ತವವಾಗಿ ಸಮಾಜದ ವಾಣಿಯೇ ಎಂಬುದು ಅವರ ವಾದ. ಬಾಲ್ಯದಿಂದ ತಾಯಿತಂದೆಯರು, ನೆಂಟರಿಷ್ಟರು, ಗುರುಹಿರಿಯರು ಹೇಳಿದ್ದು ನಮ್ಮೊಳಗೆ ಇಳಿದು, ಯಾರೂ ನೋಡದಿರುವಾಗಲೂ ನಮ್ಮನ್ನು ನೋಡುತ್ತಿರುತ್ತದೆ. “ನಾಲ್ಕು ಜನ ಏನಂದಾರು?” ಎಂದು ನಮ್ಮ ತಾಯಂದಿರು ಹೇಳುವಾಗ ಅವರು ಈ ವಾದದ ಸಾರವನ್ನೇ ಹೇಳುತ್ತಾರೆ.

ಹಾಗಾದರೆ ಮನಸ್ಸಾಕ್ಷಿಯೆಂಬುದು ಸಮಾಜದ ಪ್ರತಿಧ್ವನಿ ಮಾತ್ರವೇ? ವಿಶ್ವಾಸಿಗಳ ಸಭೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಮಾನವನು ತಾನೇ ವಿಧಿಸಿಕೊಳ್ಳದ, ಆದರೆ ತಾನು ಪಾಲಿಸಲೇಬೇಕಾದ ಒಂದು ನಿಯಮವನ್ನು ತನ್ನ ಮನಸ್ಸಾಕ್ಷಿಯ ಆಳದಲ್ಲಿ ಕಾಣುತ್ತಾನೆಂದು ಬೋಧಿಸಿತು. ಸಮಾಜಶಾಸ್ತ್ರಜ್ಞರ ಮಾತಿಗೂ ಈ ಬೋಧನೆಗೂ ವಿರೋಧವಿರಬೇಕಾಗಿಲ್ಲವೆಂದು ನನ್ನ ನಂಬಿಕೆ. ಯಳಂದೂರಿನ ಗದ್ದೆಗಳಿಗೆ ಸುವರ್ಣಾವತಿ ಹೊಳೆಯ ನೀರು ಕಾಲುವೆಯ ಮೂಲಕವೇ ಬರುತ್ತದೆ. ಕಾಲುವೆಯಿಲ್ಲದಿದ್ದರೆ ಪೈರು ಒಣಗುವುದು ನಿಶ್ಚಯ. ಆದಾಗ್ಯೂ ಮಳೆಯನ್ನು ಸುರಿಸಿದ್ದು ಕಾಲುವೆಯಲ್ಲ. ಹಾಗೆಯೇ ಒಳಿತಿನ ಅರಿವಿಗೆ ಮೂಲ ಬೇರೆಯಿದ್ದರೂ ಅದು ನಮ್ಮನ್ನು ತಲುಪುವುದು ಮನೆ, ನೆರೆಹೊರೆ, ಕುಲ, ಊರು ಎಂಬ ಕಾಲುವೆಗಳ ಮೂಲಕ. ಕಾಲುವೆಯಲ್ಲಿ ಹೂಳು ತುಂಬಿದರೆ ನೀರೂ ಕಲುಷಿತವಾಗುತ್ತದೆ.

ಮೂಲವು ಬೇರೆಯಿದೆಯೆಂದು ಹೇಳಲು ಆಧಾರವೇನು ಎಂದು ಕೇಳಬಹುದು. ನಮ್ಮ ನೆರೆಯಲ್ಲೇ ನಡೆದ ಒಂದು ದುರಂತವನ್ನು ಸ್ಮರಿಸುತ್ತೇನೆ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದವನ್ನು ಸೇವಿಸಿ 17 ಜನರು ಮೃತಪಟ್ಟರು. ಗುಡಿಯ ಆಡಳಿತದ ಹಿಡಿತಕ್ಕಾಗಿ ನಡೆದ ವೈಷಮ್ಯವೇ ಇದಕ್ಕೆ ಕಾರಣವೆಂದು ಪೊಲೀಸರು ಆರೋಪಿಸಿದರು. ಆ ಸುದ್ದಿ ಹರಡಿದಾಗ ಅದು ತಪ್ಪೋ ಸರಿಯೋ ಎಂದು ಯಾವ ಜಾತಿಯವರೂ, ಯಾವ ಮತದವರೂ, ಯಾವ ಭಾಷೆಯವರೂ ಚರ್ಚಿಸಬೇಕಾಗಲಿಲ್ಲ. ಹಸಿದು ಬಂದವನ ಕೈಗೆ ನಂಬಿಕೆಯ ಹೆಸರಿನಲ್ಲಿ ವಿಷವನ್ನಿಡುವುದು ಪಾಪವೆಂಬುದನ್ನು ಯಾವ ಪಂಚಾಯಿತಿಯೂ ತೀರ್ಮಾನಿಸಿ ಹೇಳಬೇಕಾಗಿರಲಿಲ್ಲ. ಆಚಾರಗಳು ನೂರಾರು ಇದ್ದರೂ ಅವುಗಳ ಅಡಿಯಲ್ಲಿ ಎಲ್ಲರಿಗೂ ಸಾಮಾನ್ಯವಾದ ನೆಲವೊಂದಿದೆ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಆ ನೆಲದ ಮೇಲೆ ನಿಂತು ದಿನನಿತ್ಯ ಮಾಡುವ ತೀರ್ಮಾನಗಳಲ್ಲಿ ನಾವು ಬೇರೆಬೇರೆಯಾಗುತ್ತೇವೆ. ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಳಿತನ್ನು ಮಾಡಬೇಕು, ಕೆಡುಕನ್ನು ಬಿಡಬೇಕು ಎಂಬ ಮೂಲತತ್ತ್ವವು ಎಲ್ಲರಲ್ಲಿಯೂ ಇದ್ದರೂ, ಅದನ್ನು ಪ್ರಸಂಗಗಳಿಗೆ ಅನ್ವಯಿಸುವಾಗ ಕೆಟ್ಟ ರೂಢಿಯಿಂದಲೂ ಮನೋವಿಕಾರಗಳಿಂದಲೂ ಬುದ್ಧಿ ಮಂಕಾಗಬಹುದೆಂದು ಅವರು ಬರೆದರು. ಇದಕ್ಕೆ ಅವರು ಕೊಟ್ಟ ಉದಾಹರಣೆ, ಜೂಲಿಯಸ್ ಸೀಸರನು ವರ್ಣಿಸಿದ ಪ್ರಾಚೀನ ಜರ್ಮನ್ ಬುಡಕಟ್ಟುಗಳದು. ಆ ಜನರಲ್ಲಿ ಕೊಳ್ಳೆ ಹೊಡೆಯುವುದು ಅವಮಾನವೆನಿಸಿರಲಿಲ್ಲ. ಸೀಸರನ ಬರಹದಲ್ಲಿ ಒಂದು ಮುಖ್ಯ ವಿವರವಿದೆ: ಕೊಳ್ಳೆಯು ತಮ್ಮ ಬುಡಕಟ್ಟಿನ ಎಲ್ಲೆಯ ಹೊರಗೆ ನಡೆದಿದ್ದರೆ ಮಾತ್ರ ಅವಮಾನವಿಲ್ಲ. ನನ್ನ ಮಾತಿನ ತಿರುಳು ಈ “ಎಲ್ಲೆ” ಎಂಬ ಪದದಲ್ಲಿದೆ. ಸಮಾಜವು ನಮಗೆ ನೀತಿಯನ್ನು ಕಲಿಸುತ್ತದೆ. ಜೊತೆಗೆ ಆ ನೀತಿಯು ಯಾರಿಗೆ ಅನ್ವಯಿಸುತ್ತದೆ, ಯಾರಿಗೆ ಇಲ್ಲ ಎಂಬ ಎಲ್ಲೆಯನ್ನೂ ಸದ್ದಿಲ್ಲದೆ ಕಲಿಸಿಬಿಡುತ್ತದೆ.

ಎಲ್ಲೆಯ ಆಚೆಗಿರುವವರನ್ನು ಅರಿಯದೆ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಥೆಯನ್ನು ನೋಡಬಹುದು. ಕಾಡಿನ ರಂಗಸ್ವಾಮಿಯನ್ನು ಅವರು “ಭಾವ” ಎಂದು ಕರೆಯುತ್ತಾರೆ. ತಮ್ಮ ಕುಲದ ಹೆಣ್ಣನ್ನು ಮದುವೆಯಾದವನೆಂಬುದು ಅವರ ನಂಬಿಕೆ. ಬೇಸಗೆಯ ಆರಂಭದಲ್ಲಿ ಒಣಗಿದ ಎಲೆಗಳಿಗೆ ಸಣ್ಣಗೆ ಬೆಂಕಿಯಿಡುವುದು ಅವರ ಪೂರ್ವಿಕರ ಪದ್ಧತಿಯಾಗಿತ್ತು. ಅದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು, ಬೆಂಕಿಯಿಡುವುದು ಅಪರಾಧವಾಯಿತು. ಕಾಡಿಗೆ ಬೆಂಕಿಯಿಡುವವನು ಕಾಡಿನ ವೈರಿಯೆಂದು ಊರಿನವರಾದ ನಾವೂ ತೀರ್ಮಾನಿಸಿದೆವು. ಸೋಲಿಗರ ಹಿರಿಯರಾದರೋ, ತರಗು ಬೆಂಕಿ ನಿಂತ ಮೇಲೆಯೇ ಲಂಟಾನದ ಪೊದೆ ಕಾಡನ್ನೆಲ್ಲ ಆಕ್ರಮಿಸಿತು, ನೆಲ್ಲಿಯ ಮರಗಳಿಗೆ ಬದನಿಕೆ ಹತ್ತಿತು ಎಂದು ಹೇಳುತ್ತ ಬಂದರು. ಈಚಿನ ದಶಕಗಳಲ್ಲಿ ಸಂಶೋಧಕರು ಆ ಮಾತನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2011ರಲ್ಲಿ 25 ಪೋಡುಗಳ ಸೋಲಿಗರಿಗೆ ಸಮುದಾಯದ ಹಕ್ಕುಪತ್ರಗಳು ದೊರೆತವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಕಾಡನ್ನು ಉಳಿಸಬೇಕೆಂಬ ತತ್ತ್ವದಲ್ಲಿ ಸೋಲಿಗರಿಗೂ ಅಧಿಕಾರಿಗಳಿಗೂ ಭಿನ್ನಾಭಿಪ್ರಾಯವಿರಲಿಲ್ಲ; ಹೇಗೆ ಉಳಿಯುತ್ತದೆ ಎಂಬ ತಿಳಿವಳಿಕೆಯಲ್ಲಿ ಮಾತ್ರ ಭೇದವಿತ್ತು. ತಿಳಿವಳಿಕೆಯ ಭೇದವನ್ನು ನಾವು ಎಷ್ಟು ಬೇಗ ಗುಣದ ಭೇದವೆಂದು ತೀರ್ಪು ಕೊಡುತ್ತೇವೆ!

ಸಮಾಜವು ಒಪ್ಪಿಸಿದ ನೀತಿಯನ್ನು ಒಳಗಿನಿಂದಲೇ ಪ್ರಶ್ನಿಸುವುದೂ ಸಾಧ್ಯ. ಇದಕ್ಕೆ ಯಳಂದೂರಿನ ಮಗಳೇ ಸಾಕ್ಷಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಕಾವ್ಯವನ್ನು ರಚಿಸಿದಳು. ಪತಿವ್ರತೆಯಾದವಳು ಗಂಡನಿಗೂ ಅತ್ತೆಮಾವಂದಿರಿಗೂ ಹೇಗೆ ವಿಧೇಯಳಾಗಿರಬೇಕೆಂಬುದೇ ಅದರ ವಿಷಯ. ಅಂದಿನ ಸಮಾಜವು ಹೆಣ್ಣಿಗೆ ಕಲಿಸಿದ ನೀತಿಯೂ ಅದೇ. ಆದರೂ ಅದೇ ಕಾವ್ಯದಲ್ಲಿ, ಹೆಣ್ಣುಮಗು ಹುಟ್ಟಿತೆಂದು ಮೂಗು ಮುರಿಯುವವರನ್ನು ಆಕೆ ಕುರುಡರೆಂದು ನಿಂದಿಸುತ್ತಾಳೆ. ಅವರ ತಾಯಿ ಯಾರೆಂಬುದನ್ನು ನೆನಪಿಸುತ್ತಾಳೆ. ಹೊರಗಿನಿಂದ ಯಾವ ಸುಧಾರಕನೂ ಬಂದು ಆಕೆಗೆ ಇದನ್ನು ಹೇಳಿಕೊಡಲಿಲ್ಲ. ತಾಯಿಯನ್ನು ಗೌರವಿಸಬೇಕೆಂದು ಸಮಾಜವೇ ಕಲಿಸಿತ್ತು. ಆ ಕಲಿಕೆಯನ್ನು ಆಕೆ ಹೆಣ್ಣುಮಗುವಿಗೂ ಅನ್ವಯಿಸಿದಳು, ಅಷ್ಟೆ. ನೀತಿಯ ಎಲ್ಲೆ ವಿಸ್ತಾರವಾಗುವುದು ಬಹುಮಟ್ಟಿಗೆ ಹೀಗೆಯೇ.

ಈಗ ನಮ್ಮ ಕಡೆಗೆ ತಿರುಗೋಣ. ಕ್ರೈಸ್ತರಾದ ನಮ್ಮಲ್ಲಿ ಇಂಥ ಎಲ್ಲೆಗಳಿರಲಿಲ್ಲವೆಂದು ಹೇಳಿಕೊಳ್ಳಲು ಚರಿತ್ರೆ ಅವಕಾಶ ಕೊಡುವುದಿಲ್ಲ. ನಮ್ಮ ಹಲವು ಕುಟುಂಬಗಳ ಮನೆಮಾತು ತಮಿಳು. ಆದುದರಿಂದ ತಮಿಳುನಾಡಿನ ಕಥೋಲಿಕರ ಅನುಭವ ನಮಗೆ ಪರಕೀಯವಲ್ಲ. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬ ಊರಿನಲ್ಲಿ 1872ರಲ್ಲಿ ಕಟ್ಟಿದ ದೇವಾಲಯವು ಪೀಠದಿಂದ ಎರಡು ಕವಲುಗಳಾಗಿ ಒಡೆದಿತ್ತು. ಜಾತಿಗೊಂದು ಕವಲು, ನಡುವೆ ಗೋಡೆ. ಎರಡೂ ಕಡೆಯವರಿಗೆ ಪೀಠವೊಂದೇ, ಗುರುವೊಬ್ಬನೇ, ಬಲಿಪೂಜೆಯೊಂದೇ. ಆದರೆ ಒಬ್ಬರಿಗೊಬ್ಬರು ಕಾಣಿಸುತ್ತಿರಲಿಲ್ಲ. ಆ ಗೋಡೆಯನ್ನು 1910ರಲ್ಲಿ ಕೆಡವಲಾಯಿತು; ಅದಕ್ಕೂ ಪ್ರಬಲ ವಿರೋಧವಿತ್ತು. ಗೋಡೆಯನ್ನು ಬಯಸಿದವರು ದುಷ್ಟರಾಗಿದ್ದರೆಂದು ನಾನು ಹೇಳುವುದಿಲ್ಲ. ಅವರೂ ಜಪಮಾಲೆ ಹಿಡಿದವರೇ, ಪಾಪನಿವೇದನೆ ಮಾಡಿದವರೇ. ತಮ್ಮ ಮನೆ ಮತ್ತು ಕುಲವು ಕಲಿಸಿದ ಎಲ್ಲೆಯನ್ನು ಅವರು ದೇವರ ಎಲ್ಲೆಯೆಂದು ಭಾವಿಸಿದ್ದರು. ಪಾಪನಿವೇದನೆಯಲ್ಲಿ ಅವರು ಏನನ್ನು ಹೇಳಿದರೋ ನಾವರಿಯೆವು. ಗೋಡೆಯನ್ನು ಪಾಪವೆಂದು ಎಣಿಸಿದವರು ಬಹಳವಿದ್ದಿದ್ದರೆ ಅದು ಅಷ್ಟು ಕಾಲ ನಿಲ್ಲುತ್ತಿರಲಿಲ್ಲ. ಎಲ್ಲರೂ ಸೇರಿ ಮಾಡುವ ತಪ್ಪು ತಪ್ಪೆಂದು ತೋರುವುದೇ ಇಲ್ಲ. ನೀತಿಗೆ ಸಮಾಜವು ಮೂಲವಾಗಿರುವುದರ ಅಪಾಯ ಇದು.

ರೂಢಿಯ ಜೊತೆಗೆ ಭಯವೂ ನಮ್ಮ ತೀರ್ಪನ್ನು ರೂಪಿಸುತ್ತದೆ. ಹನೂರು ಭಾಗದ ಗೋಪಿನಾಥಂ ಗ್ರಾಮವನ್ನು ನೆನೆಯಿರಿ. ವೀರಪ್ಪನ್ ಹುಟ್ಟಿದ ಊರೆಂದು ಹೊರಗಿನವರು ಆ ಊರನ್ನೇ ಕಳ್ಳರ ಊರೆಂದು ಕರೆದರು. ಕೊಳ್ಳೇಗಾಲ ಅರಣ್ಯ ವಿಭಾಗದಲ್ಲಿ ಕೆಲಸ ಮಾಡಿದ ಪಿ. ಶ್ರೀನಿವಾಸ್ ಎಂಬ ಅಧಿಕಾರಿ ಹಾಗೆ ನೋಡಲಿಲ್ಲ. ಅವರು ಆ ಊರಿನಲ್ಲಿ ನೆಲೆಸಿ, ಜನರಿಗೆ ಔಷಧೋಪಚಾರ, ಕುಡಿಯುವ ನೀರು, ಮನೆಗಳ ವ್ಯವಸ್ಥೆಗೆ ದುಡಿದರು. ಊರವರಿಗಾಗಿ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿದರು. ಹಲವರು ಕಾಡಿನ ದಾರಿಯನ್ನು ಬಿಟ್ಟು ಶರಣಾದರು. ವೀರಪ್ಪನ್ ತಾನೂ ಶರಣಾಗುವೆನೆಂದು ನಂಬಿಸಿದಾಗ ಅವರು ಆಯುಧವಿಲ್ಲದೆ ಕಾಡಿಗೆ ಹೋಗಿ 1991ರ ನವೆಂಬರ್ 10ರಂದು ಕೊಲೆಗೀಡಾದರು. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ಸಂದಿತು; ಊರಿನವರು ಅವರ ಭಾವಚಿತ್ರವನ್ನು ಆ ಗುಡಿಯಲ್ಲಿಟ್ಟು ಗೌರವಿಸುತ್ತ ಬಂದರು.

ಅನಂತರದ ವರ್ಷಗಳು ಕಠಿನವಾದವು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬಿನಿಂದ 22 ಜನರು ಸತ್ತರು. ಇತ್ತ ಬಂಡೆಗಳ ನಡುವಿನ ಹಳ್ಳಿಗಳ ಬಡವರು ಕಾಡಿನವರಿಗೆ ಅನ್ನ ಕೊಟ್ಟರೆಂಬ ಅನುಮಾನದಿಂದ ವಿಚಾರಣೆಗೆ ಒಳಗಾಗಿ ಚಿತ್ರಹಿಂಸೆಯನ್ನು ಅನುಭವಿಸಿದರೆಂಬ ದೂರುಗಳು ಬಂದವು. ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಅವನ್ನು ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಹುತಾತ್ಮರಾದ ಪೊಲೀಸರ ಮನೆಯವರ ಕಣ್ಣೀರೂ ನಿಜ, ಹಿಂಸೆಗೊಳಗಾದ ಹಳ್ಳಿಯವರ ಕಣ್ಣೀರೂ ನಿಜ. ಆದರೆ ಆ ಕಾಲದಲ್ಲಿ ಒಂದು ಕಡೆಯ ಕಣ್ಣೀರನ್ನು ಕಂಡವರಿಗೆ ಇನ್ನೊಂದು ಕಡೆಯದು ಕಾಣುವುದು ಕಷ್ಟವಾಗಿತ್ತು. ಭಯವು ಮನಸ್ಸಾಕ್ಷಿಯನ್ನು ಕೊಲ್ಲುವುದಿಲ್ಲ. ಅದು ನೋಡಬಲ್ಲ ದೂರವನ್ನು ಕಡಮೆ ಮಾಡುತ್ತದೆ. ಶ್ರೀನಿವಾಸರ ಹಿರಿಮೆಯೆಂದರೆ ಭಯಕ್ಕೆ ಎಲ್ಲ ಕಾರಣಗಳೂ ಇದ್ದ ಕಡೆಯಲ್ಲಿ ಅವರ ನೋಟ ಕುಗ್ಗಲಿಲ್ಲ.

ಇಷ್ಟು ದೊಡ್ಡ ಕಾರಣಗಳು ಇಲ್ಲದಿದ್ದಾಗಲೂ ನಮ್ಮ ನೋಟ ಕುಗ್ಗಬಹುದೆಂದು ತೋರಿಸುವ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಅಮೆರಿಕದ ಪ್ರಿನ್ಸ್‌ಟನ್ನಿನ ದೈವಶಾಸ್ತ್ರದ ವಿದ್ಯಾಲಯದಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ನಡೆಸಿ 1973ರಲ್ಲಿ ಪ್ರಕಟಿಸಿದರು. 40 ವಿದ್ಯಾರ್ಥಿಗಳನ್ನು ಇನ್ನೊಂದು ಕಟ್ಟಡಕ್ಕೆ ಹೋಗಿ ಮಾತನಾಡುವಂತೆ ಕಳುಹಿಸಲಾಯಿತು. ಅವರಲ್ಲಿ ಕೆಲವರು ಮಾತನಾಡಬೇಕಾಗಿದ್ದುದು ಯೇಸುಸ್ವಾಮಿ ಹೇಳಿದ ಒಳ್ಳೆಯ ಸಮಾರಿಯದವನ ಸಾಮತಿಯ ಬಗ್ಗೆ. ದಾರಿಯಲ್ಲಿ ಒಬ್ಬನು ಬಾಗಿಲಿನ ಬಳಿ ಕುಸಿದು ಕೆಮ್ಮುತ್ತ ನರಳುವಂತೆ ಏರ್ಪಡಿಸಿದ್ದರು. ಸಮಯ ಸಾಕಷ್ಟಿದೆಯೆಂದು ತಿಳಿದವರಲ್ಲಿ ಶೇಕಡ 63 ಮಂದಿ ನೆರವಾದರು. ತಡವಾಯಿತೆಂದು ಆತುರಪಡಿಸಲ್ಪಟ್ಟವರಲ್ಲಿ ಶೇಕಡ 10 ಮಂದಿ ಮಾತ್ರ. ಸಾಮತಿಯ ಬಗ್ಗೆ ಮಾತನಾಡಲು ಹೊರಟಿದ್ದುದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಂಡುಬರಲಿಲ್ಲ. ಉಪದೇಶವನ್ನು ಬಲ್ಲವರೆಲ್ಲರೂ ನಿಲ್ಲುತ್ತಾರೆಂದು ಹೇಳಲಾಗದು. ನಿಲ್ಲುವ ರೂಢಿಯುಳ್ಳ ಸಮುದಾಯದಲ್ಲಿ ಬೆಳೆದವರು ನಿಲ್ಲುವ ಸಂಭವ ಹೆಚ್ಚು. ಆ ರೂಢಿಯನ್ನು ಬೆಳೆಸುವುದೇ ಧರ್ಮಕೇಂದ್ರದ ಕೆಲಸ.

ಎಲ್ಲೆಯನ್ನು ವಿಸ್ತರಿಸುವ ರೂಢಿಗಳು ನಮ್ಮ ಸೀಮೆಗೆ ಹೊಸವಲ್ಲ. ಹಳೆಯ ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿಯ ಪರಂಪರೆಗೆ ಸೇರಿದ ಸಿದ್ದಪ್ಪಾಜಿಯ ಜಾತ್ರೆ ಪ್ರತಿವರ್ಷ ಐದು ದಿನ ನಡೆಯುತ್ತದೆ. ಅಲ್ಲಿನ ಪಂಕ್ತಿಸೇವೆಯಲ್ಲಿ ಊರಿನಲ್ಲಿ ಒಟ್ಟಿಗೆ ಕೂರದ ಜಾತಿಗಳವರೂ ಒಂದೇ ಸಾಲಿನಲ್ಲಿ ಕುಳಿತು ಮಾಂಸದ ಅಡುಗೆಯನ್ನು ಹಂಚಿಕೊಂಡು ಉಣ್ಣುತ್ತಾರೆ. ಈಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯನ್ನು ಮುಂದಿಟ್ಟು ಅದಕ್ಕೆ ತಡೆಯೊಡ್ಡಿದಾಗ, ಇದು ಬಲಿಯಲ್ಲ, ಸಹಭೋಜನ ಎಂದು ಒಕ್ಕಲಿನವರು ವಾದಿಸಿದರು. ಒಂದೇ ತಟ್ಟೆಯಲ್ಲಿ ಒಬ್ಬರಿಗೆ ಹಿಂಸೆ ಕಂಡರೆ ಇನ್ನೊಬ್ಬರಿಗೆ ಸಮಾನತೆ ಕಂಡಿತು. ಈ ವಿವಾದವನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ಮೇಜಿನ ಸುತ್ತ ಕೂಡುವ ನಾವು, ಆ ಸಾಲಿನಲ್ಲಿ ಕುಳಿತವರಿಂದ ಕಲಿಯಬೇಕಾದ್ದು ಏನೂ ಇಲ್ಲವೆಂದು ಹೇಳಬಹುದೇ?

ಕೊನೆಯದಾಗಿ, ಮುಂದಿನ ದಿನಗಳಿಗೆ ಮೂರು ವಿನಮ್ರ ಸೂಚನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಮನೆಗೆ ಸಂಬಂಧಿಸಿದ್ದು. ಮಕ್ಕಳಿಗೆ ಹತ್ತು ಕಟ್ಟಳೆಗಳನ್ನು ಕಂಠಪಾಠ ಮಾಡಿಸುತ್ತೇವೆ, ಅದು ಯೋಗ್ಯವೇ. ಆದರೆ ಎದುರಿಗಿಲ್ಲದವರನ್ನು ಕುರಿತು, ಕೂಲಿಯವರನ್ನು, ಬೇರೆ ಜಾತಿಯವರನ್ನು, ಬೇರೆ ಭಾಷೆಯವರನ್ನು ಕುರಿತು ನಾವು ಊಟದ ಹೊತ್ತಿನಲ್ಲಿ ಆಡುವ ಮಾತುಗಳನ್ನು ಮಕ್ಕಳು ಕಂಠಪಾಠವಿಲ್ಲದೆಯೇ ಕಲಿಯುತ್ತಾರೆ. ಎಲ್ಲೆಯ ಪಾಠ ನಡೆಯುವುದು ಅಲ್ಲಿಯೇ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲಿಯೂ ಮೈಸೂರಿನ ಭಾಗದಲ್ಲಿಯೂ ತಮಿಳನ್ನಾಡುವವರ ಮೇಲೆ ಹಲ್ಲೆಗಳು ನಡೆದವು. ಹಾಗೆ ಕೈಯೆತ್ತಿದವರೂ ಯಾವುದೋ ಮನೆಯಲ್ಲಿ ಮಾತು ಕಲಿತವರೇ ಅಲ್ಲವೇ?

ಎರಡನೆಯದು ಪಾಪನಿವೇದನೆಗೆ ಮುಂಚಿನ ಆತ್ಮಪರೀಕ್ಷೆ. ನಾನು ಏನು ಮಾಡಿದೆನೆಂದು ಕೇಳಿಕೊಂಡ ಮೇಲೆ, ನಾನು ಯಾರನ್ನು ನೋಡದೆ ದಾಟಿಹೋದೆನೆಂದೂ ಕೇಳಿಕೊಳ್ಳೋಣ. ನಮ್ಮ ಬೀದಿಯಲ್ಲಿ ಎಲ್ಲರೂ ಸೇರಿ ಮಾಡುತ್ತಿರುವುದರಿಂದಲೇ ತಪ್ಪೆಂದು ತೋರದ ತಪ್ಪು ಯಾವುದೆಂದು ಹುಡುಕೋಣ. ಈ ಪ್ರಶ್ನೆಗೆ ಒಬ್ಬನೇ ಉತ್ತರಿಸಲಾರ. ಗೋಡೆಯ ಆಚೆಗಿರುವವನು ಹೇಳಿದರೆ ಮಾತ್ರ ಗೋಡೆ ಕಾಣುತ್ತದೆ. ಆದುದರಿಂದ ಅವನ ಮಾತನ್ನು ಆಲಿಸುವುದೂ ಆತ್ಮಪರೀಕ್ಷೆಯ ಒಂದು ಭಾಗ.

ಮೂರನೆಯದು ಧರ್ಮಕೇಂದ್ರದ ಸಭೆಗಳಿಗೆ ಸಂಬಂಧಿಸಿದ್ದು. ಹಬ್ಬದ ವಂತಿಗೆ ಎಷ್ಟು, ತೇರಿಗೆ ಹೆಗಲು ಕೊಡುವವರಾರು, ಪೂಜೆಯ ಹಾಡುಗಳು ಯಾವ ಭಾಷೆಯಲ್ಲಿ, ಸಮಾಧಿಯ ಸ್ಥಳ ಎಲ್ಲಿ ಎಂಬಂಥ ತೀರ್ಮಾನಗಳನ್ನು ಸಣ್ಣವೆಂದು ಭಾವಿಸಬಾರದು. ನಮ್ಮ ನೀತಿಯ ಎಲ್ಲೆ ಎಲ್ಲಿದೆಯೆಂಬುದು ಮಕ್ಕಳಿಗೆ ತಿಳಿಯುವುದು ಇಂಥ ತೀರ್ಮಾನಗಳಿಂದ. ತೀರ್ಮಾನ ಮಾಡುವ ಮುನ್ನ, ಅದರಿಂದ ಬಾಧಿತರಾಗುವವರಲ್ಲಿ ಈ ಸಭೆಗೆ ಬಾರದವರು ಯಾರೆಂದು ಒಮ್ಮೆ ಕೇಳುವ ಪದ್ಧತಿಯನ್ನು ಇರಿಸಿಕೊಂಡರೆ ಅದೇ ಒಂದು ದೊಡ್ಡ ಧರ್ಮೋಪದೇಶವಾದೀತು.

ಈ ದೇವಾಲಯವು ನೂರು ವರ್ಷಗಳ ಕಾಲ ನಮ್ಮ ಹಿರಿಯರ ಮನಸ್ಸಾಕ್ಷಿಯನ್ನು ರೂಪಿಸಿತು. ಅವರು ನಮ್ಮದನ್ನು ರೂಪಿಸಿದರು. ಅವರಿಂದ ಬಂದ ಒಳಿತಿಗೆ ಕೃತಜ್ಞರಾಗಿರೋಣ. ಅವರಿಗೆ ಕಾಣದೆ ಉಳಿದ ಎಲ್ಲೆಗಳನ್ನು ಕಾಣುವ ಹೊಣೆ ನಮ್ಮದು. ನಮಗೆ ಕಾಣದವನ್ನು ನಮ್ಮ ಮಕ್ಕಳು ಕಾಣಲಿ, ಕಂಡಾಗ ಹೇಳಲಿ, ಹೇಳಿದಾಗ ಕೇಳುವ ಕಿವಿ ನಮಗಿರಲಿ ಎಂದು ಪ್ರಾರ್ಥಿಸುತ್ತೇನೆ.